ಬೀಸುವ ಕಲ್ಲು ನಿಂತ ಮನೆ

ಸಾವಿರದ ಒಂಬೈನೂರ ನಲವತ್ತೊಂದರ ಶ್ರಾವಣ. ಚಿಕ್ಕರಸಿನಕೆರೆಯ ಗದ್ದೆಗಳಲ್ಲಿ ನಾಟಿ ನಡೆದಿತ್ತು. ನೀರು ಕಟ್ಟಲು ಹೋಗಿದ್ದ ಮಾದಯ್ಯ ತನ್ನ ಎರಡು ವರ್ಷದ ಮಗ ಸಿದ್ದರಾಮುವನ್ನು ನಾಲೆಯಿಂದ ಎತ್ತಿಕೊಂಡು ಮನೆಗೆ ಬಂದ. ಮಗುವಿನಲ್ಲಿ ಉಸಿರಿರಲಿಲ್ಲ. ಒಳಗೆ ಮಾದಯ್ಯನ ತಾಯಿ ಚಿಕ್ಕಬೋರಮ್ಮ ಇನ್ನೂ ರಾಗಿ ಬೀಸುತ್ತಲೇ ಇದ್ದಳು. ಮೊಮ್ಮಗ ಹೊಸಿಲು ದಾಟಿದ್ದು ಕಲ್ಲಿನ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಿಲ್ಲ.

ಅಷ್ಟು ಎಳೆಯ ಮಗುವಿಗೆ ತಿಥಿ ಮಾಡುವ ಪದ್ಧತಿಯಿಲ್ಲ. ಮಣ್ಣು ಮಾಡಿ ಬಂದರು, ಅಷ್ಟೆ. ಸೊಸೆ ಶಿವನಂಜಮ್ಮ ಅತ್ತೆಯನ್ನು ಬೈಯಲಿಲ್ಲ, ಮಾತೇ ಬಿಟ್ಟಳು. ನಾಲ್ಕು ದಿನ ಕಳೆದು ನಾಟಿಗೆ ಹೋದಳು.

ಅವಳಿಗೆ ಬುತ್ತಿ ಕೊಡಲು ಹೋದ ಚಿಕ್ಕಬೋರಮ್ಮ, ಬದುವಿನ ಹೊಂಗೆಮರಕ್ಕೆ ಒಂದು ಹೆಣ್ಣುಕೂಸನ್ನು ಹಗ್ಗದಲ್ಲಿ ಕಟ್ಟಿದ್ದನ್ನು ಕಂಡಳು. ಗಂಡ ಸತ್ತ ಮಂಚಮ್ಮನ ಮಗಳು ಅದು, ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಹಗ್ಗ ಸೊಂಟವನ್ನು ಉಜ್ಜಿ ಕೆಂಪಾಗಿಸಿತ್ತು. ನಾಲೆ ಇಪ್ಪತ್ತು ಮಾರು ದೂರ.

“ಮಂಚಿ, ನಾಳೆಯಿಂದ ಈ ಕೂಸ್ನ ನನ್ ತಾವ ಬುಡು.”

ಸಾಲಿನಲ್ಲಿ ಬಗ್ಗಿದ್ದ ಹೆಂಗಸರ ಕೈ ನಿಂತಿತು.

“ನಿನ್ ತಾವ್ಲೇ ದೊಡ್ಡವ್ವ?” ಎಂದಳು ಮಂಚಮ್ಮ. “ಈ ಅಗ್ಗಕ್ಕಾದ್ರೆ ಕೂಸ್ ಕಾಯೋದ್ ಬುಟ್ರೆ ಬ್ಯಾರೆ ಕೆಲ್ಸ ಇಲ್ಲ ಕಣವ್ವ.”

“ನೀನನ್ನೋದು ದಿಟ. ಕೂಸು ಮನೇಲಿರೋಗಂಟ ನಾನು ಕಲ್ಲು ಮುಟ್ಟಕಿಲ್ಲ, ಬೈರಪ್ಪಸ್ವಾಮಿ ಆಣೆ.”

“ಕಲ್ಲು ಮುಟ್ದೆ ಇಟ್ಟೆಲ್ಲಿಂದ ಬತ್ತದೆ? ಗಾಳಿ ಉಣ್ಣುಸ್ತೀಯಾ?”

ಆಗ ಶಿವನಂಜಮ್ಮ, ಕೆಸರಿನಿಂದ ತಲೆಯೆತ್ತದೆ, “ಮಗೀನ ಬುಡು ಮಂಚಿ. ರಾಗಿ ನಾನ್ ಬೀಸ್ಕೊಡ್ತೀನಿ” ಎಂದಳು. ಮಗ ಸತ್ತ ಮೇಲೆ ಅತ್ತೆಯ ಮುಂದೆ ಅವಳಾಡಿದ ಮೊದಲ ಮಾತು ಅದು.

ಮರುದಿನ ಕೂಸು ಬಂತು. ಮಾದಯ್ಯ ಬಾಗಿಲಿಗೆ ಅಡ್ಡಹಲಗೆ ಬಡಿದುಕೊಟ್ಟ. ಚಿಕ್ಕಬೋರಮ್ಮ ನೀರಿಗೂ ಎದ್ದು ಹೋಗಲಿಲ್ಲ. ಆದರೂ ಮಧ್ಯಾಹ್ನ ಒಲೆಯ ಕಡೆ ತಿರುಗಿ ನೋಡುವಷ್ಟರಲ್ಲಿ ಕೂಸು ಕಾಣಲಿಲ್ಲ. ಹಲಗೆ ದಾಟಿ ನಾಲೆಯವರೆಗೂ ಓಡಿದಳು. ನೀರಿನ ಮೇಲೆ ಏನೂ ಇಲ್ಲ. ಏನೂ ಇಲ್ಲದಿರುವುದೇ ಇನ್ನಷ್ಟು ದಿಗಿಲು ಹುಟ್ಟಿಸಿತು. ಭೈರವನ ಹೆಸರು ಹೇಳುತ್ತ ಹಿಂತಿರುಗಿದರೆ, ಕೂಸು ರಾಗಿ ತುಂಬಿದ ದೊಡ್ಡ ಮಣ್ಣಿನ ವಾಡೆಯ ಹಿಂದಿನ ಸಂದಿಯಲ್ಲಿ ಬೆರಳು ಚೀಪುತ್ತ ಮಲಗಿತ್ತು.

ಮುಚ್ಚಿಡಬಹುದಿತ್ತು. ಆದರೆ ಸಂಜೆ ಮಂಚಮ್ಮ ಬಂದಾಗ ಚಿಕ್ಕಬೋರಮ್ಮ ಎಲ್ಲವನ್ನೂ ಹೇಳಿಬಿಟ್ಟಳು. ಮಂಚಮ್ಮ ಮಗಳನ್ನು ಸೊಂಟಕ್ಕೇರಿಸಿಕೊಂಡು ವಾಡೆಯ ಹಿಂದಿನ ಸಂದಿಗೆ ಕೈ ಹಾಕಿ ನೋಡಿದಳು.

“ನಾಳಿಕೆ ಅದ್ನ ಗ್ವಾಡೆಗೆ ಒತ್ತರಿಸಿ ಮಡಗು ದೊಡ್ಡವ್ವ” ಎಂದು ಹೇಳಿ ಹೋದಳು.

ಕೊಯ್ಲಿನ ಹೊತ್ತಿಗೆ ಆ ಮನೆಗೆ ಬರುವ ಮಕ್ಕಳು ಒಂಬತ್ತಾದರು. ತಾಯಂದಿರು ಬೆಳಕು ಹರಿಯುವ ಮುಂಚೆ ಬೀಸಿ, ಒಂದೊಂದು ಬೊಗಸೆ ಹಿಟ್ಟನ್ನು ಕೂಸಿನ ಜೊತೆಗೇ ತಂದು ಕೊಡುತ್ತಿದ್ದರು. ಸಂಜೆ ಕರೆದೊಯ್ಯಲು ಯಾರೂ ಇಲ್ಲದ ತಬ್ಬಲಿಗಳಿಬ್ಬರು ಅಲ್ಲೇ ಉಳಿದರು. ಊರವರು ಅದನ್ನು ಮಕ್ಕಳ ಮನೆ ಎಂದರು.

ಚಿಕ್ಕಬೋರಮ್ಮನ ದಿಗಿಲು ಮಾತ್ರ ಹೋಗಲಿಲ್ಲ. ದಿನವೂ ಸಂಜೆ ದೀಪ ಹಚ್ಚಿ, ಆ ಇಬ್ಬರ ತಲೆಯನ್ನೂ ಮುಟ್ಟಿ ನೋಡಿದ ಮೇಲೆಯೇ ಕೈ ಮುಗಿಯುತ್ತಿದ್ದಳು:

“ಬೈರಪ್ಪ, ಇವತ್ತು ಬಂದ ಕೂಸ್ಗಳೆಲ್ಲ ಸುಕವಾಗವೆ. ನನ್ ಕಣ್ತಪ್ಪಿ ಓದ ಸಿದ್ದರಾಮೂನ ನಿನ್ ಮಡ್ಲಲ್ಲಿ ಮಡಿಕೊ. ಅಲ್ಲಿ ಅವನ್ಗೆ ನೀರಿನ್ ಬಯ ಇರ್ದಿರ್ಲಿ. ಆ ಜೀವಕ್ಕೆ ಸಾಂತಿ ಕೊಡು, ಸ್ವಾಮಿ.”