ಕಾಲಿನ ಮುತ್ತು

ಮೋರಖಂಡಿಯಿಂದ ತುಳಜಾಪುರಕ್ಕೆ ನಡೆದು ಹೊರಟ ತಂಡ ಹೆದ್ದಾರಿಯ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿತ್ತು. ಎಲ್ಲರೂ ರೊಟ್ಟಿ, ಶೇಂಗಾ ಹಿಂಡಿ ಉಣ್ಣುತ್ತಿದ್ದರೆ ಸತ್ಯಮ್ಮ ಮಾತ್ರ ಪಕ್ಕಕ್ಕೆ ಸರಿದು ತನ್ನ ಬಲ ಅಂಗಾಲು ನೋಡಿಕೊಳ್ಳುತ್ತಿದ್ದಳು. ಡಾಂಬರಿನ ಕಾವಿಗೆ ಹೆಬ್ಬೆರಳಿನ ಬುಡದಲ್ಲಿ ದೊಡ್ಡದೊಂದು ನೀರುಗುಳ್ಳೆ ಎದ್ದಿತ್ತು.

ಅವಳ ಗಂಡ ತುಳಜಾರಾಮನೇ ತಂಡದ ಮುಖಂಡ. ೧೯೬೮ರ ಆ ಸೀಗಿ ಹುಣ್ಣಿಮೆಗೆ ಸತ್ಯಮ್ಮ ಹೊರಟದ್ದು ಸೊಸೆ ಜಿಜಾಬಾಯಿಗಾಗಿ. ಚೊಚ್ಚಲ ಬಸುರಿಯ ಹೆರಿಗೆ ಸುಸೂತ್ರವಾಗಲೆಂದು ಬರಿಗಾಲಲ್ಲಿ ಬರುವ ಹರಕೆ ಹೊತ್ತಿದ್ದಳು.

ಈ ತಂಡದಲ್ಲಿ ಗುಳ್ಳೆಯನ್ನು ಗುಳ್ಳೆ ಎನ್ನುವಂತಿರಲಿಲ್ಲ. ಅದು ತುಳಜಾಪುರದ ತಾಯಿ ಅಂಬಾಬಾಯಿಯ ಮುತ್ತು. ಮುತ್ತು ಬಂತೆಂದರೆ ತಾಯಿ ಹರಕೆ ಒಪ್ಪಿದಳೆಂದೇ ಅರ್ಥ. ಅದನ್ನು ಜಾಲಿಮುಳ್ಳಿನಿಂದ ಒಡೆದು, ದಾರಿಯ ಮಣ್ಣು ಮೆತ್ತಿ, "ಉದೋ ಉದೋ" ಎನ್ನುತ್ತ ಮುಂದೆ ನಡೆಯಬೇಕು. ಯಾವ ಮಹಾನುಭಾವ ಈ ಪದ್ಧತಿ ಹಾಕಿಕೊಟ್ಟನೋ ಏನೋ, ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

"ಒಡಿಯೂದು ಬ್ಯಾಡ್ರಿ," ಸತ್ಯಮ್ಮ ಗಂಡನಿಗೆ ಮೆಲ್ಲಗೆ ಹೇಳಿದಳು. "ತೊಳದು ಸ್ವಚ್ಛ ಅರಿವಿ ಕಟ್ಟಿಕೋತೀನಿ. ಜರಾ ಕಡಿಮಿ ಆಗೂತನಕ ಚಪ್ಪಲ್ ಹಾಕೋತೀನಿ."

"ಹರಕಿ ಹೊತ್ತಾಕಿ ನೀನ. ಚಪ್ಪಲ್ ಹಾಕೊಂಡು ಹೋಗಿ ತಾಯಿ ಮುಂದ ಹ್ಯಾಂಗ ನಿಂದರ್ತಿ?"

"ಮಗಳ ಕಾಲು ಹಣ್ಣಾಗಲಿ ಅಂತ ಯಾವ ತಾಯಿ ಬೇಡ್ತಾಳ್ರಿ?"

ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು. ತುಳಜಾರಾಮನಿಗೆ ನಾಲ್ಕು ಜನರೆದುರು ಮರ್ಯಾದೆ ಹೋದಂತಾಯಿತು. "ಮುಖಂಡನ ಮನಿಯಾಕೀನ ಹಿಂಗಂದ್ರ ಉಳದವರು ಏನಂದಾರು? ಕಾಲು ಚಾಚು," ಎಂದ.

ಸತ್ಯಮ್ಮ ಕಾಲು ಚಾಚಿದಳು. ತುಳಜಾರಾಮ ಮುಳ್ಳನ್ನು ಕಣ್ಣಿಗೊತ್ತಿಕೊಂಡು ಚುಚ್ಚಿದ, ಮಣ್ಣನ್ನು ಭಕ್ತಿಯಿಂದಲೇ ಮೆತ್ತಿದ. ಹೊಟ್ಟೆ ಉರಿಯುವುದು ಅದಕ್ಕೇ. ಅವನು ಕೆಟ್ಟವನಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಸತ್ಯಮ್ಮ ಕುಂಟುತ್ತ ಹೋಗಿ ತಾಯಿಯ ದರ್ಶನ ಮಾಡಿ, ಬಸ್ಸಿನಲ್ಲಿ ಊರಿಗೆ ಮರಳಿದಳು.

ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ಅವಳಿಗೆ ಚಹಾ ಕುಡಿಯಲು ಬಾಯಿ ತೆರೆಯಲಾಗಲಿಲ್ಲ. ದವಡೆ ಕಚ್ಚಿಕೊಂಡಿತ್ತು. ಮಧ್ಯಾಹ್ನಕ್ಕೆ ಬೆನ್ನು ಬಿಲ್ಲಿನಂತೆ ಸೆಟೆಯಿತು. ಮಗ ಕಾಶಿರಾಮ ಎಲ್ಲಿಂದಲೋ ಜೀಪು ತಂದು ಹುಮನಾಬಾದಿನ ದವಾಖಾನೆಗೆ ಒಯ್ದ. ಧನುರ್ವಾಯು ಎಂದರು ಡಾಕ್ಟರು. ಕಾಶಿರಾಮ ಔಷಧಿ ತರಲು ಹೊರಗೆ ಹೋಗಿದ್ದಾಗ ಅಂಗಾಲಿನ ಗಾಯ ನೋಡಿ, "ಇದರಾಗ ಮಣ್ಣು ಯಾರು ಹಾಕಿದ್ರಿ?" ಎಂದು ಕೇಳಿದರು.

"ನಾನರಿ," ಎಂದ ತುಳಜಾರಾಮ.

"ಗುಳ್ಳಿ ಮ್ಯಾಲಿನ ತೊಗಲು ಹಂಗ ಬಿಟ್ಟಿದ್ರ ಅದ ಕಾಯ್ತಿತ್ತು. ಸಾಬೂನು ಹಚ್ಚಿ ತೊಳದು, ಸ್ವಚ್ಛ ಅರಿವಿ ಕಟ್ಟಿದ್ರ ಸಾಕಿತ್ತು."

ಸತ್ಯಮ್ಮ ಕೇಳಿದ್ದೂ ಅಷ್ಟನ್ನೇ. ಅವಳು ಉಳಿಯಲಿಲ್ಲ. ಜಿಜಾಬಾಯಿ ಹೆಣ್ಣುಮಗು ಹೆತ್ತಾಗ ಎತ್ತಿಕೊಳ್ಳಲು ಅಜ್ಜಿಯೇ ಇರಲಿಲ್ಲ.

ಊರವರು ಮಾತ್ರ, ಮುತ್ತು ಕೊಟ್ಟ ತಾಯಿ ಸತ್ಯಮ್ಮನನ್ನು ಕರೆಸಿಕೊಂಡಳು, ಪುಣ್ಯವಂತೆಯ ಸಾವು ಎಂದರು. ತುಳಜಾರಾಮ ಅಲ್ಲ ಎನ್ನಲಿಲ್ಲ. ಮುಖಂಡತನವನ್ನು ತಂಡದ ಬಕ್ಕಪ್ಪನಿಗೆ ಬಿಟ್ಟುಕೊಟ್ಟು ಮೂಲೆ ಹಿಡಿದ. ಹೆಂಡತಿಯ ಹೆಸರೆತ್ತಿದರೆ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದ.

ಮರುವರ್ಷ ಜಿಜಾಬಾಯಿ ಹಟ ಹಿಡಿದಳು. ಅತ್ತೆ ತನಗಾಗಿ ನಡೆದಳು, ಈಗ ತಾನು ಅತ್ತೆಯ ಹೆಸರಲ್ಲಿ ನಡೆಯಬೇಕು ಎಂದಳು. ಎಳೆಗೂಸನ್ನು ತವರಿನಲ್ಲಿ ಬಿಟ್ಟು ಬರಿಗಾಲಲ್ಲಿ ಹೊರಟಳು. ಬೇಡವೆನ್ನಬೇಕಿದ್ದರೆ ತುಳಜಾರಾಮ ಕಾರಣ ಹೇಳಬೇಕಿತ್ತು. ಅದನ್ನು ಹೇಳುವ ಬದಲು ಒಂದು ಕೈಚೀಲ ಹೆಗಲಿಗೇರಿಸಿ ತಂಡದ ಹಿಂದೆ ಹಿಂದೆ ನಡೆದ.

ಉಮರಗಾ ದಾಟಿದ ಮೇಲೆ ಜಿಜಾಬಾಯಿ ರಸ್ತೆಯಂಚಿಗೆ ಕುಸಿದು ಕೂತಳು. ಅವಳ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು.

"ಮುತ್ತು ಬಂತು! ಉದೋ ಉದೋ!" ಬಕ್ಕಪ್ಪ ಕೂಗಿದ. ಹೆಂಗಸರು ಕೈ ಮುಗಿದರು. ಯಾರೋ ಮುಳ್ಳು ಮುರಿದು ತಂದರು. ಬಕ್ಕಪ್ಪ ಬಗ್ಗಿ ಒಂದು ಹಿಡಿ ಮಣ್ಣೆತ್ತಿಕೊಂಡ.

"ಒಗಿ ಅದನ್ನ!" ತುಳಜಾರಾಮ ಜನರನ್ನು ಸರಿಸಿ ಮುಂದೆ ಬಂದ. "ಆಕೀನ್ನ ಮುಟ್ಟಬ್ಯಾಡ."

"ತುಳಜಾರಾಮ, ತಾಯಿ ಒಪ್ಪಿಕೊಂಡಾಳೋ. ಸತ್ಯಮ್ಮನ್ನ ಕರಸಿಕೊಂಡಾಳಲ್ಲ, ಹಂಗ..."

"ಸತ್ಯಮ್ಮನ್ನ ತಾಯಿ ಕರಸಿಕೊಳ್ಳಲಿಲ್ಲ, ಬಕ್ಕಪ್ಪ. ನಾ ಕಳಿಸಿದೆ. ಆಕಿ ಅರಿವಿ ಕಟ್ಟತೀನಿ ಅಂದಳು, ನಾ ಮಣ್ಣು ಹಾಕಿದೆ. ಡಾಕ್ಟರ್ ಹೇಳ್ಯಾರ."

ಬಕ್ಕಪ್ಪನ ಕೈಯಿಂದ ಮಣ್ಣು ಜಾರಿತು. ಜಿಜಾಬಾಯಿ ಮಾವನ ಮುಖವನ್ನೇ ನೋಡುತ್ತ ಉಳಿದಳು. ಅವಳಿಗೂ ಈ ಮಾತು ಈಗಲೇ ತಿಳಿದದ್ದು.

ತುಳಜಾರಾಮ ಚೀಲದಿಂದ ಸಾಬೂನು, ಕುದಿಸಿ ಒಣಗಿಸಿದ ಬಿಳಿ ಅರಿವೆಯ ಪಟ್ಟಿ, ಸತ್ಯಮ್ಮನ ಸವೆದು ಮೆತ್ತಗಾದ ಒಂದು ಜೊತೆ ಚಪ್ಪಲಿ ತೆಗೆದ. ಸೊಸೆಯ ಮುಂದೆ ಮಂಡಿಯೂರಿ ಕೂತ. ಜಿಜಾಬಾಯಿ ದಡಬಡಿಸಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಬ್ಯಾಡ್ರಿ ಮಾವ! ನೀವು ನನ್ನ ಕಾಲು ಮುಟ್ಟಿದ್ರ ನನಗ ಪಾಪ ಬರ್ತದ."

"ಪಾಪ ಏನಿದ್ರೂ ನಂದವ್ವ. ಕಾಲು ಕೊಡು."

ಮಾವ ಸೊಸೆಯ ಕಾಲು ಹಿಡಿಯುವುದನ್ನು ಆ ಊರಿನವರು ಕಂಡಿರಲಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅವನು ಹಿಮ್ಮಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಗುಳ್ಳೆ ಒಡೆಯದ ಹಾಗೆ ಸಾಬೂನು ನೀರಿನಿಂದ ತೊಳೆದು, ಒತ್ತಿ ಒರೆಸಿ, ಪಟ್ಟಿ ಸುತ್ತತೊಡಗಿದ. ಕಣ್ಣು ಮಂಜಾಗಿ ಗಂಟು ಬೀಳಲೊಲ್ಲದು.

"ನೋಯಾಕತ್ತದೇನವ್ವ?" ಎಂದು ಕೇಳಿದ.

ಕೇಳಿದ ಮೇಲೆ ಅವನ ಕೈ ನಿಂತುಹೋಯಿತು. ಸತ್ಯಮ್ಮನನ್ನು ಈ ಮಾತು ಒಮ್ಮೆಯೂ ಕೇಳಿರಲಿಲ್ಲ. ಅವನು ಸೊಸೆಯ ಕಾಲ ಮೇಲೆ ಹಣೆ ಇಟ್ಟು, ದಾರಿಯಲ್ಲೇ, ಎಲ್ಲರೆದುರು ಅತ್ತುಬಿಟ್ಟ.