ಕೇಳದೆ ಉಳಿದ ಒಂಬತ್ತು ನಿಮಿಷ

ಸೋಮವಾರ ಬೆಳಿಗ್ಗೆ ಮೂರನೇ ಪ್ರೆಸ್ಸಿನ ಮುಂದಿದ್ದ ಕಬ್ಬಿಣದ ಜಾಲರಿಯನ್ನು ಬಿಚ್ಚಿ ಗೋಡೆಗೆ ಒರಗಿಸಿದರು. ಜಾಲರಿ ಇದ್ದರೆ ಗಂಟೆಗೆ ಮುನ್ನೂರು ತಗಡಿನ ಮುಚ್ಚಳ ಬೀಳುತ್ತಿದ್ದವು, ಇಲ್ಲದಿದ್ದರೆ ನಾನೂರು. ಗುರುವಾರ ಸಂಜೆ ನಾಲ್ಕಕ್ಕೆ ಆ ಪ್ರೆಸ್ಸು ಮೂಗೂರಿನ ವನಿತಾಳ ಬಲಗೈಯನ್ನು ಭುಜದವರೆಗೆ ಎಳೆದುಕೊಂಡಿತು. ಮೈಸೂರು ಮುಟ್ಟುವ ಮೊದಲೇ ಅವಳು ಸತ್ತಳು. ಶುಕ್ರವಾರ ಬೆಳಿಗ್ಗೆ ಜಾಲರಿ ತನ್ನ ಜಾಗದಲ್ಲಿತ್ತು. ನಾಲ್ಕೂ ಬೋಲ್ಟು ಹೊಸವು.

ಅದೇ ಪ್ರೆಸ್ಸಿನಲ್ಲಿ ಬೆಳಿಗ್ಗೆ ಆರರಿಂದ ಎರಡರವರೆಗೆ ನಿಲ್ಲುವವಳು ಕೋಮಲ. ಎರಡು ಗಂಟೆಗೆ ಅವಳು ಪಕ್ಕಕ್ಕೆ ಸರಿದರೆ ಆ ಜಾಗಕ್ಕೆ ವನಿತಾ ಬರುತ್ತಿದ್ದಳು. ಮರದ ಹಲಗೆಯ ಮೇಲೆ ಒಬ್ಬಳ ಕಾಲಿನ ಬಿಸಿ ಆರುವ ಮುಂಚೆ ಇನ್ನೊಬ್ಬಳ ಕಾಲು.

ಕೋಮಲಳ ಗಂಡ ಸಿದ್ದುವಿನದು ನಂಜನಗೂಡಿನದೇ ಬೇರೊಂದು ಕಾರ್ಖಾನೆಯಲ್ಲಿ ಖಾಯಂ ರಾತ್ರಿಪಾಳಿ. ಅವನು ಮನೆಗೆ ಬರುವಾಗ ಇವಳು ಹೋಗಿರುತ್ತಾಳೆ, ಇವಳು ಬರುವಾಗ ಅವನು ಗೊರಕೆ ಹೊಡೆಯುತ್ತಿರುತ್ತಾನೆ. ಸಂಜೆಯಾದರೆ ನಲ್ಲಿ ನೀರು, ಬಟ್ಟೆ, ಒಂದನೇ ಕ್ಲಾಸಿನ ಮಗಳು ಗೌತಮಿಯ ಮಗ್ಗಿ, ಮುದ್ದೆಗೆ ಎಸರು. ಮೂವರೂ ಕಣ್ಣುಬಿಟ್ಟುಕೊಂಡು ಒಟ್ಟಿಗೆ ಕೂರುವುದು ಎಂಟೂವರೆಯಿಂದ ಒಂಬತ್ತರವರೆಗೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಯಾವ ಮಾಲೀಕನ ಸೈರನ್ನೂ ಮುಟ್ಟದ ಅರ್ಧ ಗಂಟೆ.

ಆ ಅರ್ಧ ಗಂಟೆಗೆ ಅವರು ಟೀವಿ ಹಾಕುತ್ತಿರಲಿಲ್ಲ. ವನಿತಾಳನ್ನು ಹಾಕುತ್ತಿದ್ದರು.

ಹಿಂದಿನ ಸಂಜೆಯ ಧಾರಾವಾಹಿಯ ಮರುಪ್ರಸಾರವನ್ನು ವನಿತಾ ಬೆಳಿಗ್ಗೆ ಸಾರು ಕುದಿಸುತ್ತಾ ನೋಡುತ್ತಿದ್ದಳು. ಮಧ್ಯಾಹ್ನ ಮೂಗೂರಿನಿಂದ ನರಸೀಪುರದ ಮೇಲೆ ಬರುವ ಕಂಪನಿ ವ್ಯಾನಿನಲ್ಲಿ ಕಿಟಕಿ ಪಕ್ಕ ಕೂತು, ಪೂರಾ ಕತೆಯನ್ನು ಫೋನಿಗೆ ಮಾತಾಡಿ ಕೋಮಲಳಿಗೆ ವಾಟ್ಸಾಪು ಮಾಡುತ್ತಿದ್ದಳು. ಎಂಟು ನಿಮಿಷ, ಒಂಬತ್ತು ನಿಮಿಷ. ನೋಡುವುದಕ್ಕಿಂತ ಇದೇ ವಾಸಿ ಎಂದು ಸಿದ್ದು ಮುದ್ದೆ ಮುರಿಯುತ್ತಾ ಹೇಳುತ್ತಿದ್ದ.

“ಕೇಳಕ್ಕಾ, ಆ ದೊಡ್ಡಮ್ಮಣ್ಣಿ ಇವತ್ತು ರೇಸ್ಮೆ ಸೀರೆ ಉಟ್ಕಂಡು ಅಡಿಗೆ ಮನೆಗೆ ಬಂದ್ಲು. ಅಡಿಗೆ ಮಾಡಕಲ್ಲ, ಅಳಾಕೆ! ಅಲ್ಲೇ ನಿಂತಿದ್ದ ನಮ್ ಚಿನ್ನಮ್ಮ ಏನಂದ್ಲು ಗೊತ್ತಾ? ‘ಅಮ್ಮಾರೆ, ಅತ್ತಿದ್ದು ಸಾಕು, ಈರುಳ್ಳಿನಾದ್ರೂ ಅಚ್ಚಿ’ ಅಂದ್ಲು!”

ಧಾರಾವಾಹಿಯಲ್ಲಿ ಆ ಕೆಲಸದ ಹೆಂಗಸಿಗೆ ಹೆಸರಿರಲಿಲ್ಲ, ಮಾತೂ ಇರಲಿಲ್ಲ. ತಟ್ಟೆ ಹಿಡಿದು ನಿಲ್ಲುವುದಷ್ಟೇ. ಚಿನ್ನಮ್ಮ ಎಂದು ಹೆಸರಿಟ್ಟವಳೂ ಬಾಯಿ ಕೊಟ್ಟವಳೂ ವನಿತಾ. ಗೌತಮಿಗಂತೂ ನಾಯಕಿಯ ಹೆಸರೇ ಗೊತ್ತಿಲ್ಲ, ಚಿನ್ನಮ್ಮ ಗೊತ್ತು.

ಮನೆಯಲ್ಲಿ ಒಂದು ಕಟ್ಟಳೆ. ಕತೆಯನ್ನು ಯಾರೂ ಒಬ್ಬರೇ ಕೇಳುವಂತಿಲ್ಲ. ಬಂದ ತಕ್ಷಣ ಕೇಳಿಬಿಟ್ಟರೆ ಎಂಟೂವರೆಗೆ ಉಳಿಯುವುದೇನು?

ಆ ಗುರುವಾರ ಎರಡು ಗಂಟೆಗೆ, ಪಾಳಿ ಮುಗಿಯುವವರೆಗೆ ಎಲ್ಲರ ಫೋನೂ ಹಾಕಿಡಬೇಕಾದ ಗೇಟಿನ ಪೆಟ್ಟಿಗೆಯಿಂದ ತನ್ನ ಫೋನು ತೆಗೆದುಕೊಂಡಾಗ ಕತೆ ಬಂದಿರಲಿಲ್ಲ. ಅದಕ್ಕೆ ಐದು ನಿಮಿಷ ಮೊದಲು, ಪ್ರೆಸ್ಸಿನ ಸದ್ದಿನಲ್ಲಿ ಕೋಮಲ ವನಿತಾಳ ಕಿವಿಗೆ ಬಾಯಿಟ್ಟು, “ಇವತ್ತು ಕತೆ ತಪ್ಪುಸ್ಬುಟ್ಟೀಯ, ಉಸಾರು!” ಎಂದು ರೇಗಿಸಿದ್ದಳು. ವನಿತಾ ನಕ್ಕು ತಲೆಯಾಡಿಸಿದ್ದಳು. ನಾಲ್ಕು ಹತ್ತಕ್ಕೆ, ಬಟ್ಟೆ ಒಗೆಯುತ್ತಿದ್ದಾಗ ಫೋನು ಟಿಂಗ್ ಅಂದಿತು. ಒಂಬತ್ತು ನಿಮಿಷ. ಸಂಜೆಗಾಯಿತು ಎಂದುಕೊಂಡು ಕೋಮಲ ಸೀರೆ ಹಿಂಡಿದಳು. ಐದಕ್ಕೆ ಸುದ್ದಿ ಬಂತು.

ವನಿತಾ ಬಿದ್ದದ್ದು ನಾಲ್ಕಕ್ಕೆ. ಅವಳ ಫೋನಿನಿಂದ ಕತೆ ಬಂದದ್ದು ನಾಲ್ಕು ಹತ್ತಕ್ಕೆ.

ಸಾವಿನ ಮನೆಯ ಜಗಲಿಯಲ್ಲಿ ವನಿತಾಳ ಗಂಡ ನಂಜೇಶ್ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. “ಅವಳ ನಂಬರಿಂದ್ಲೇ ಕಾಲ್ ಬಂತು ಕಣಣ್ಣ. ಏನಮ್ಮಿ ಅಂದೆ. ಇವಳಲ್ಲ, ಆಪೀಸಿನ್ ಮೇಡಮ್ಮು.” ಕೋಮಲ ಅದನ್ನು ಕೇಳಿದಳೇ ಹೊರತು ತಲೆಗೆ ಹೋಗಲಿಲ್ಲ. ಅವಳ ತಲೆಯಲ್ಲಿ ಬೇರೊಂದು ಕೊರೆಯುತ್ತಿತ್ತು. ತಾನು ರೇಗಿಸಿದ್ದಕ್ಕೇ ವನಿತಾ ಫೋನನ್ನು ಏಪ್ರನ್ನಿನಲ್ಲಿ ಬಚ್ಚಿಟ್ಟುಕೊಂಡು ಒಳಗೊಯ್ದಳೇ? ಮುಚ್ಚಳ ಒತ್ತುತ್ತಾ ಕತೆ ಹೇಳಿದಳೇ? ಕತೆಯ ನಡುವೆ ಆ ಕೂಗು ಇದ್ದರೆ? ಕಂಪನಿಯ ಹಾರ ಹಿಡಿದು ಬಂದಿದ್ದ ಎಚ್ಆರ್ ಹೇಮಲತಾ ಹೆಗಲು ಸವರಿದಾಗ ಕೋಮಲ ಅಳುತ್ತಾ ಬಾಯಿಬಿಟ್ಟಳು. “ನಾಕ್ ಅತ್ತಕ್ಕೆ ನಂಗೆ ಮೆಸೇಜು ಬಂದದೆ ಮೇಡಂ.”

ಹೇಮಲತಾಳ ಕೈ ಹೆಗಲ ಮೇಲೆ ಒಂದು ಗಳಿಗೆ ನಿಂತಿತು.

ಅಲ್ಲಿಂದ ಎಂಟೂವರೆಯ ಹೊತ್ತು ಮನೆಯೊಳಗೆ ಹೆಣದ ಹಾಗೆ ಮಲಗಿತು. ಪಕ್ಕದ ಮನೆಯ ಗೋಡೆಯಾಚೆಯಿಂದ ಧಾರಾವಾಹಿಯ ಹಾಡು ಕೇಳಿಸಿದರೆ ಸಿದ್ದು ಎದ್ದು ಕಿಟಕಿ ಹಾಕುತ್ತಿದ್ದ. ಕಾರ್ಖಾನೆಯಲ್ಲಿ ಪ್ರೆಸ್ಸು ಎದ್ದು ಬೀಳುವ ನಡುವಿನ ಅರೆಕ್ಷಣದಲ್ಲಿ, ಬಲಗಿವಿಯ ಹತ್ತಿರವೇ, “ಕೇಳಕ್ಕಾ” ಎಂದಂತಾಗಿ ಕೋಮಲ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಫೋನು ತೆಗೆದರೆ ವನಿತಾಳ ನಗುಮುಖದ ಪಕ್ಕ ಕೇಳದೆ ಉಳಿದ ಕತೆಯ ಹಸಿರು ಚುಕ್ಕೆ. ಅಳಿಸಲಾರಳು, ಒತ್ತಲಾರಳು.

ಹತ್ತನೆಯ ದಿನ ಹೇಮಲತಾ ಕರೆಸಿ ಟೈಪು ಮಾಡಿದ ಹಾಳೆಯೊಂದನ್ನು ಮುಂದಿಟ್ಟಳು. ಕೋಮಲ ಎಸ್ಸೆಸ್ಸೆಲ್ಸಿ ಓದಿದವಳು, ಅಕ್ಷರ ಬಿಡದೆ ಓದಿದಳು. ಮೃತೆಯು ಯಂತ್ರದ ಮುಂದೆ ಮೊಬೈಲಿನಲ್ಲಿ ಮನರಂಜನೆಯಲ್ಲಿ ತೊಡಗಿದ್ದರಿಂದ ಅವಘಡ ಸಂಭವಿಸಿರುತ್ತದೆ, ಸದರಿ ಸಮಯದಲ್ಲಿ ನನಗೆ ಸಂದೇಶ ಕಳುಹಿಸಿರುತ್ತಾಳೆ. ಜಾಲರಿ ಎಂಬ ಪದ ಎಲ್ಲೂ ಇರಲಿಲ್ಲ.

“ಬಿದ್ದಿದ್ದು ನಾಕಕ್ಕಲ್ವಾ ಮೇಡಂ? ಬಂದಿದ್ದು ನಾಕ್ ಅತ್ತಕ್ಕೆ.”

“ನೆಟ್‌ವರ್ಕ್ ಲೇಟು ಕಣಮ್ಮ. ನೀನೇ ಹೇಳಿದ್ದಲ್ವಾ ನನ್ ಹತ್ರ? ಸುಳ್ಳು ಬರೀ ಅಂತಿದೀನಾ? ನಿನ್ ಪರ್ಮನೆಂಟ್ ಲೆಟರ್ರೂ ಇದೇ ಟೇಬಲ್ ಮೇಲಿದೆ. ನಾಳೆ ಶಿಫ್ಟ್ ಮುಗಿಸಿ ಬಂದು ಸೈನ್ ಮಾಡು.”

ಆ ಸಂಜೆ ಎಂಟೂವರೆಗೆ ಕೋಮಲ ಹಾಳೆಯ ವಿಷಯ ಹೇಳಿದಳು. ಸಿದ್ದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ರುಜು ಆಕುದ್ರೆ ನಂಜೇಶಂಗೆ, ಆ ಎರಡು ಮಕ್ಕಳಿಗೆ ಏನೂ ಸಿಕ್ಕಲ್ಲ ಕಣಮ್ಮಿ. ಅವಳ ತಪ್ಪಿಗೆ ಅವಳೇ ಸತ್ಲು ಅಂತಾಯ್ತದೆ.”

“ದಿಟ್ವಾಗ್ಲೂ ಅವಳು ಫೋನಲ್ಲೇ ಇದ್ದಿದ್ರೆ? ನಾನೇ ಕೇಳಿದ್ದು ಕನಾ. ನಾನೇ ಕತೆ ಕತೆ ಅಂತ...”

“ಅಂಗಾದ್ರೆ ಕೇಳು. ಗೊತ್ತಾಗ್ಲಿ.”

“ನಂಗೆ ಭಯ.”

“ಒಬ್ಳೇ ಕೇಳಂಗಿಲ್ವಲ್ಲ. ನಾವೂ ಇದ್ದೀವಲ್ಲ” ಎಂದು ಸಿದ್ದು ಎಡಗೈಯಿಂದ ಚುಕ್ಕೆ ಒತ್ತಿದ.

“ಕೇಳಕ್ಕಾ” ಎಂದಿತು ಫೋನು. ಗೌತಮಿ ಕುಕ್ಕರುಗಾಲಲ್ಲಿ ಹತ್ತಿರ ಸರಿದಳು. ವ್ಯಾನಿನ ಗಡಗಡ, ಯಾರದೋ ಕೆಮ್ಮು. “ಇವತ್ತು ವ್ಯಾನು ಲೇಟು, ಡ್ರೈವರಪ್ಪಂಗೆ ಬೋಂಡ ಬೇಕಿತ್ತಂತೆ, ನೀನು ಕತೆ ಇಲ್ಲ ಅಂತ ಬಯ್ಕತಿರ್ತೀಯ. ಆ ದೊಡ್ಡಮ್ಮಣ್ಣಿ ಇಲ್ವಾ, ತಾನೇ ಮೆಟ್ಲು ಮೇಲೆ ಎಣ್ಣೆ ಸುರ್ದು ಸೊಸೇನ ಬೀಳುಸ್ಬುಟ್ಟು, ಈಗ ಚಿನ್ನಮ್ಮನ್ನ ಕರ್ದು, ಎಣ್ಣೆ ಚೆಲ್ಲಿದ್ದು ಸೊಸೇನೆ, ನಾ ಕಣ್ಣಾರೆ ಕಂಡೆ ಅಂತ ಏಳು ಅಂತಾಳೆ ಕಣಕ್ಕಾ...”

ಏಳು ನಿಮಿಷ, ಎಂಟು ನಿಮಿಷ. ವ್ಯಾನು ನಿಂತ ಸದ್ದು, ಇಳಿಯುವ ಕಾಲುಗಳು. ಕೋಮಲ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಈಗ ಪ್ರೆಸ್ಸು, ಈಗ ಕೂಗು.

“ಆಗ ನಮ್ ಚಿನ್ನಮ್ಮ ಏನಂದ್ಲು ಗೊತ್ತಾ...”

“ಏಯ್, ಕತೆ ಸಾಕು, ಪೆಟ್ಟಿಗ್ಗೆ ಆಕವ್ವ ಫೋನಾ!” ಗೇಟಿನ ವಾಚ್‌ಮನ್ ನಾಗಯ್ಯನ ಗಂಟಲು. “ಒಂದೈವತ್ತಾಯ್ತು, ಸೈರನ್ ಒಡೀತದೆ!”

“ತಡಿ ಮಾವೋ, ಜೀವ ತಿನ್ಬೇಡ! ಮಿಕ್ಕಿದ್ದು ನಾಳೆ ಕಣಕ್ಕಾ.”

ಫೋನು ಸುಮ್ಮನಾಯಿತು. ಕೂಗು ಇರಲಿಲ್ಲ.

ಆ ಪೆಟ್ಟಿಗೆ ಕೋಮಲಳಿಗೆ ಗೊತ್ತಿಲ್ಲದ್ದೇ? ದಪ್ಪ ತಗಡಿನದು. ಅದರೊಳಗೆ ಹೋದ ಫೋನಿಗೆ ಲೋಕದ ಸಿಗ್ನಲ್ಲೇ ಇಲ್ಲ, ಎರಡಕ್ಕೆ ಹೊರತೆಗೆದಾಗಲೇ ಪಾಳಿಯಿಡೀ ಬಂದ ಮೆಸೇಜುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತವೆ. ವನಿತಾಳ ಕತೆಯೂ ಪೂರ್ತಿ ಹೋಗುವ ಮುಂಚೆಯೇ ಅದರೊಳಗೆ ಸಿಕ್ಕಿಕೊಂಡು ಕೂತಿತ್ತು, ನಾಲ್ಕು ಹತ್ತಕ್ಕೆ ಯಾರೋ ಹೊರತೆಗೆಯುವವರೆಗೆ. ಅವಳ ನಂಬರಿಂದ್ಲೇ ಕಾಲ್ ಬಂತು ಕಣಣ್ಣ. ಜಗಲಿಯ ಮಾತು ಹತ್ತು ದಿನ ತಡವಾಗಿ ಕೋಮಲಳ ತಲೆಗೆ ಹೋಯಿತು.

“ಅವ್ವಾ, ಚಿನ್ನಮ್ಮ ಏನಂದ್ಲು?” ಗೌತಮಿ ಕೇಳಿದಳು.

ಒಂಬತ್ತಾಗಿತ್ತು. ಸಿದ್ದು ಏಳಲಿಲ್ಲ. “ಇನ್ನೊಂದ್ಸತಿ ಆಕು” ಎಂದ. ಆ ಪಾಳಿಗೆ ಅವನು ತಡವಾಗಿ ಹೋದ.

ಮರುದಿನ ಎರಡು ಗಂಟೆಗೆ ಕೋಮಲ ಎಣ್ಣೆಗೈಯಲ್ಲೇ ಹೇಮಲತಾಳ ಮುಂದೆ ನಿಂತಳು. ಹಾಳೆ ಇತ್ತು, ಪಕ್ಕದಲ್ಲಿ ಪರ್ಮನೆಂಟ್ ಪತ್ರ, ಮೇಲೆ ಪೆನ್ನು.

“ವನಿತಾನ ಗಂಡಂಗೆ ಕಾಲ್ ಮಾಡಿದ್ದು ನೀವೆ ಅಲ್ವಾ ಮೇಡಂ?”

“ಹೌದು. ಪಾಪ, ನಾನೇ ಹೇಳ್ಬೇಕಾಯ್ತು.”

“ಅವಳ ಫೋನಿಂದ?”

ಹೇಮಲತಾ ಪೆನ್ನಿನ ಮುಚ್ಚಳ ತೆಗೆದಳು.

“ಆ ಫೋನು ನಿಮ್ಗೆ ಎಲ್ಲಿ ಸಿಕ್ತು? ಪ್ರೆಸ್ಸಿನ್ ತಾವಾ, ನಾಗಯ್ಯನ ಪೆಟ್ಟಿಗೇಲಾ?”

ಫ್ಯಾನು ತಿರುಗುತ್ತಿತ್ತು. ಹಾಳೆಯ ಅಂಚು ಏಳುತ್ತಿತ್ತು, ಮಲಗುತ್ತಿತ್ತು.

“ಆ ಮೆಸೇಜ್ ಡಿಲೀಟ್ ಮಾಡು ಕೋಮಲ” ಎಂದಳು ಹೇಮಲತಾ, ದನಿ ತಗ್ಗಿಸಿ. “ಇಲ್ಲೇ, ನನ್ನೆದುರಿಗೆ. ಆಮೇಲೆ ಇಲ್ಲಿ ಸೈನ್ ಹಾಕು. ನಿಂಗೂ ಮಗು ಇದೆ.”

ಗೋಡೆಯಾಚೆ ಎರಡನೇ ಪಾಳಿಯ ಪ್ರೆಸ್ಸು ಎದ್ದಿತು. ಬೀಳುವ ಮುನ್ನಿನ ಅರೆಕ್ಷಣದಲ್ಲಿ ಬಲಗಿವಿಯ ಹತ್ತಿರ ಆ ದನಿ ಬಂತು. ಈ ಸಲ ಕೋಮಲ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಹಾಳೆಯನ್ನು ಎರಡು ಬೆರಳಲ್ಲಿ ಮೇಜಿನ ಆಚೆಗೆ ತಳ್ಳಿದಳು. ಹಾಳೆಯ ಮೇಲೆ ಎಣ್ಣೆಯ ಎರಡು ಗುರುತು ಬಿದ್ದವು.

“ಅಳ್ಸಾಕಿಲ್ಲ ಮೇಡಂ. ರುಜೂನೂ ಆಕಾಕಿಲ್ಲ.”