ಬೋರಿಂಗ್ ನೀರು

"ಬಗ್ಗಲಾ ಬೋಳಿಮಗನೆ! ನಾ ಬಂದ್ರೂ ಗೂಟ ಒಡ್ದಂಗೆ ನಿಂತವ್ನೆ!"

ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ನಾವೆಲ್ಲ ಸೊಂಟ ಬಗ್ಗಿಸಿ ಕೈಮುಗಿದಿದ್ದೆವು. ನಾಗಯ್ಯನೊಬ್ಬ ನೆಟ್ಟಗೆ ನಿಂತಿದ್ದ. ತೋಟದ ಯಜಮಾನ ಸದಾಶಿವಪ್ಪನ ಮುಖ ಕೆಂಪೇರಿತ್ತು.

"ಬಗ್ಗಾಕಾಗಲ್ಲ ಬುದ್ಧಿ. ಬೆನ್ನು ಇಡ್ಕಂಡದೆ. ಕತ್ತೂ ತಿರುಗಲ್ಲ."

"ಕೊಬ್ಬು ಕಣ್ಲಾ ಅದು!"

ಕೊಬ್ಬಂತೆ! ಅಂಬಲಿ ಕುಡಿದು ಬದುಕುವವನಿಗೆ ಎಲ್ಲಿಯ ಕೊಬ್ಬು?

ಮಾರನೆಯ ದಿನ ಹೆಂಡತಿ ಚೆಲುವಮ್ಮ ಅವನನ್ನು ಕೊಳ್ಳೇಗಾಲದ ಡಾಕ್ಟರ ಬಳಿ ಕರೆದೊಯ್ದಳು. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು. ಡಾಕ್ಟರು ಎಕ್ಸ್‌ರೇ ನೋಡಿದರು.

"ಬೆನ್ನೆಲುಬು ಕಟ್ಟಿರೋ ನಾರೆಲ್ಲ ಸುಣ್ಣಗಟ್ಟಿದೆ. ಇನ್ನು ಸಡಿಲ ಆಗಲ್ಲ. ಕುಡಿಯೋದು ಯಾವ ನೀರು?"

"ಕೇರಿ ಬೋರಿಂಗಿಂದು ಸಾ."

ಡಾಕ್ಟರು ಮಗುವನ್ನು ನಿಲ್ಲಿಸಿ ಮಂಡಿ ಮುಟ್ಟಿ ನೋಡಿದರು. ಕಾಲು ಡೊಂಕಾಗಿ ಮಂಡಿಗಳು ಒಂದಕ್ಕೊಂದು ತಾಗುತ್ತಿದ್ದವು.

"ಆ ಆಳದ ನೀರಲ್ಲೇ ಫ್ಲೋರೈಡ್ ಅನ್ನೋ ವಿಷ ಇದೆ. ಹಾಲು ಕಾಣದ ಮೈಗೆ ಬೇಗ ಹಿಡಿಯುತ್ತೆ. ಮಗೂಗೆ ಇವತ್ತಿಂದಲೇ ತೆರೆದ ಬಾವಿ ನೀರು ಕುಡಿಸಿ. ಇಲ್ದಿದ್ರೆ ಇವಳೂ ಅಪ್ಪನ ಹಾಗೇ."

ಊರಿಗಿದ್ದ ತೆರೆದ ಬಾವಿ ಒಂದೇ, ಅದು ಸದಾಶಿವಪ್ಪನದು. ಹಿಂದೆ ನಾವು ಗಡಿಗೆ ಇಟ್ಟು ದೂರ ನಿಂತರೆ ಅವನ ಮನೆಯವರು ಎತ್ತರದಿಂದ ನೀರು ಹೊಯ್ಯುತ್ತಿದ್ದರು. ಎಂಟು ವರ್ಷದ ಹಿಂದೆ ಸರ್ಕಾರ ಕೇರಿಗೆ ಬೋರಿಂಗ್ ಹಾಕಿಸಿತು. ನಾವು ಅದಕ್ಕೆ ಕುಂಕುಮವಿಟ್ಟು, ಕಾಯಿ ಒಡೆದು, ತಮಟೆ ಬಡಿದುಕೊಂಡು ಹೋಗಿ "ಇನ್ಮೇಲೆ ನಿಮ್ಮ ಬಾವಿತಾವ ಬರಾಕಿಲ್ಲ" ಎಂದು ಹೇಳಿಬಂದೆವು. ಎಷ್ಟು ಜಂಬಪಟ್ಟಿದ್ದೆವು, ಪಾಪಿಗಳು!

ಸದಾಶಿವಪ್ಪ ಅದನ್ನು ಮರೆತಿರಲಿಲ್ಲ. ಮೂವರೂ ಗಡಿಗೆ ಹಿಡಿದು ಬಾವಿಯ ಬಳಿ ಬಂದಾಗ ಕೇಳಿದ.

"ತಮಟೆ ಬಡ್ಕಂಡು ಓಗಿದ್ದೋರು ಈಗ್ಯಾಕ್ಲಾ ಬಂದ್ರಿ?"

"ನಮಗೇನೂ ಬ್ಯಾಡ ಬುದ್ಧಿ," ಅಂದಳು ಚೆಲುವಮ್ಮ. "ಮಗೀಗೆ ದಿನಾ ಒಂದ್ ಗಡಿಗೆ ಉಯ್ಸಿ."

"ನಿನ್ ಗಂಡ ಕಾಲಿಗೆ ಬೀಳ್ಲಿ. ಆಮೇಲೆ ನೋಡಾನ."

ನಾಗಯ್ಯ ಮಗಳ ಕಾಲು ನೋಡಿದ. ಮಂಡಿ ಊರಿದ. ಅದರ ಮೇಲಿನ ಮೈ ಬಾಗಲೇ ಇಲ್ಲ. ಹಣೆಯಿಂದ ಬೆವರು ಇಳಿಯಿತು.

"ನಾಟಕ ಆಡ್ತಾನೆ ಸೂಳೆಮಗ. ಅದುಮ್ರಲಾ!"

ಇಬ್ಬರು ಆಳುಗಳು ಕತ್ತು ಹಿಡಿದು ಅದುಮಿದರು. ಒಳಗೇನೋ ಲಟಕ್ ಎಂದಿತು. ನಾಗಯ್ಯ ಮಗ್ಗುಲಾಗಿ ಬಿದ್ದ. ಆಳುಗಳು ನಕ್ಕರು. ಬೇಲಿಯಾಚೆ ನಿಂತಿದ್ದ ನಾವು, ನಾಚಿಕೆಗೆಟ್ಟವರು, ಅಲ್ಲಿಂದಲೇ ನೋಡಿದೆವು.

ಚೆಲುವಮ್ಮ ಗಂಡನ ರಟ್ಟೆಗೆ ಕೈ ಹಾಕಿದಳು.

"ನನ್ನ ಎತ್ಬ್ಯಾಡ ಕಣಮ್ಮಿ," ಎಂದ ನಾಗಯ್ಯ, ಬಾಯಿಗೆ ಮಣ್ಣು ಮೆತ್ತಿಕೊಂಡೇ. "ನೀರಿಗಿಳಿ."

ಅವಳು ಮಗಳನ್ನು ಎತ್ತಿಕೊಂಡು ಬಾವಿಯ ಮೆಟ್ಟಿಲು ಇಳಿದಳು. ನಮ್ಮವರು ಯಾರೂ ತುಳಿಯದ ಮೆಟ್ಟಿಲು.

"ಬಾವಿ ಕೆಡಿಸ್ಬುಟ್ಲು! ಒಡೀರ್ಲಾ!" ಸದಾಶಿವಪ್ಪ ಕಿರುಚಿದ.

ಮೊದಲ ಕಲ್ಲು ನೀರಿಗೆ ಬಿತ್ತು. ಎರಡನೆಯದು ಚೆಲುವಮ್ಮನ ಹೆಗಲಿಗೆ. ಅವಳು ಮಗುವನ್ನು ಎದೆಗವಚಿಕೊಂಡು ಬೊಗಸೆ ತುಂಬಿದಳು.

"ಕುಡಿ ಕೂಸೇ. ಒಟ್ಟೆ ತುಂಬ ಕುಡಿ."